ಬಾಯೊಳಗಿನ ಕೆಂಪು ಗಂಟು: ಕತ್ತರಿ ಹಾಕುವ ಮೊದಲು ತಿಳಿದಿರಬೇಕಾದ್ದು

ಬ್ರಶ್ ಮಾಡಿ ಉಗುಳಿದಾಗ ರಕ್ತ. ಕನ್ನಡಿ ಮುಂದೆ ಬಾಯಿ ತೆರೆದು ನೋಡಿದರೆ ಒಸಡಿನ ಮೇಲೆ ಕಾಳುಮೆಣಸಿನಷ್ಟು ದೊಡ್ಡ ಕೆಂಪು ಗಂಟು. ನೋವೇನೂ ಇಲ್ಲ. ಕುವೈತ್‌ನಲ್ಲಿ ಓದುತ್ತಿರುವವರು ಆಗ ಸಾಮಾನ್ಯವಾಗಿ ಎರಡರಲ್ಲೊಂದು ದಾರಿ ಹಿಡಿಯುತ್ತಾರೆ. ಒಂದೋ, ಮೊಬೈಲ್‌ನಲ್ಲಿ ಹುಡುಕಿ ‘ಕ್ಯಾನ್ಸರ್’ ಎಂಬ ಪದ ಕಂಡು ನಿದ್ದೆಗೆಡುವುದು. ಇಲ್ಲವೇ, ‘ರಜೆಗೆ ಊರಿಗೆ ಹೋದಾಗ ತೋರಿಸಿದ್ರಾಯ್ತು’ ಅಂತ ಮುಂದೂಡಿ, ಮಂಗಳೂರಿನಲ್ಲಿ ಇಳಿದ ಮೇಲೆ ‘ರಜೆ ಮುಗಿಯೋದ್ರೊಳಗೆ ತೆಗೆದುಬಿಡಿ ಡಾಕ್ಟ್ರೇ’ ಎಂದು ದುಂಬಾಲು ಬೀಳುವುದು. ಎರಡೂ ಬೇಡ. ಇಂಥ ಗಂಟುಗಳಲ್ಲಿ ಹೆಚ್ಚಿನವು ಜೀವಕ್ಕೆ ಅಪಾಯವಿಲ್ಲದವು. ಆದರೆ ಯಾವ ಬಗೆಯದು ಅಂತ ಗೊತ್ತಾಗದೆ ಅದಕ್ಕೆ ಕತ್ತರಿ ಹಾಕಬಾರದು. ನಾವು ಇಲ್ಲಿ ಹೇಳಹೊರಟಿರುವುದು ಇಷ್ಟೇ.

ಎಲ್ಲ ಕೆಂಪೂ ಒಂದೇ ಅಲ್ಲ

ನಮ್ಮ ವಯಸ್ಸಿನವರಲ್ಲಿ ಹೆಚ್ಚಾಗಿ ಕಾಣುವುದು ಪಯೋಜೆನಿಕ್ ಗ್ರಾನ್ಯುಲೋಮಾ. ಹೆಸರು ಕೇಳಿದರೆ ಕೀವು ತುಂಬಿದ ಗಂಟು ಎನಿಸುತ್ತದೆ. ನಿಜಕ್ಕೂ ಅದರಲ್ಲಿ ಕೀವೂ ಇಲ್ಲ, ಅದು ಗ್ರಾನ್ಯುಲೋಮಾ ಕೂಡ ಅಲ್ಲ. ಹಳೆಯ ತಪ್ಪು ಹೆಸರು ಹಾಗೇ ಉಳಿದುಬಿಟ್ಟಿದೆ. ಹಲ್ಲಿನ ಬುಡದಲ್ಲಿ ಗಟ್ಟಿಯಾಗಿ ಕೂತ ಪಾಚಿ, ಚೂಪಾದ ಫಿಲ್ಲಿಂಗ್ ಅಂಚು, ಪದೇ ಪದೇ ತಾಗುವ ಕ್ಲಿಪ್, ಇಂಥವುಗಳ ಕಿರಿಕಿರಿಗೆ ಒಸಡು ಹೊಸ ರಕ್ತನಾಳಗಳನ್ನು ಗುಂಪಾಗಿ ಬೆಳೆಸಿಬಿಡುತ್ತದೆ. ಮುಟ್ಟಿದರೆ ಸಾಕು, ರಕ್ತ. ಗರ್ಭಿಣಿಯರಲ್ಲಿ ಹಾರ್ಮೋನಿನಿಂದ ಇದು ಹೆಚ್ಚು. ಹೆರಿಗೆಯ ನಂತರ ಎಷ್ಟೋ ಸಲ ತಾನಾಗಿ ಕುಗ್ಗುತ್ತದೆ.

ಎರಡನೆಯದು ಹಿಮ್ಯಾಂಜಿಯೋಮಾ. ಇದು ಎಳೆಮಕ್ಕಳದು. ಹುಟ್ಟಿದ ಕೆಲವೇ ವಾರಗಳಲ್ಲಿ ಕಾಣಿಸಿಕೊಂಡು, ಮೊದಲ ವರ್ಷ ಬೇಗ ಬೇಗ ಬೆಳೆದು, ಆಮೇಲೆ ವರ್ಷಗಟ್ಟಲೆ ನಿಧಾನಕ್ಕೆ ಕರಗುತ್ತದೆ.

ಮೂರನೆಯದು ಹುಟ್ಟಿನಿಂದಲೇ ರಕ್ತನಾಳಗಳ ಜೋಡಣೆ ತಪ್ಪಿರುವುದು, ಅಂದರೆ ವ್ಯಾಸ್ಕ್ಯುಲರ್ ಮಾಲ್‌ಫಾರ್ಮೇಶನ್. ನಾಲಿಗೆ, ತುಟಿ, ಕೆನ್ನೆಯ ಒಳಭಾಗದಲ್ಲಿ ನೀಲಿ ಅಥವಾ ನೇರಳೆ ಬಣ್ಣದ ಮೆತ್ತನೆಯ ಉಬ್ಬು. ಇದು ಕರಗುವುದಿಲ್ಲ, ನಮ್ಮ ಜೊತೆಗೇ ಬೆಳೆಯುತ್ತದೆ. ಹದಿಹರೆಯದಲ್ಲಿ ಅಥವಾ ಪೆಟ್ಟು ಬಿದ್ದಾಗ ಏಕಾಏಕಿ ದೊಡ್ಡದಾಗಿ ಆಗಷ್ಟೇ ಗಮನಕ್ಕೆ ಬರುವುದೂ ಉಂಟು.

ಈ ಕೊನೆಯ ಎರಡನ್ನು ಹಿಂದೆ ಒಂದೇ ಹೆಸರಿನಿಂದ ಕರೆಯುತ್ತಿದ್ದರು. 1982ರಲ್ಲಿ ಅಮೆರಿಕದ ಮುಲಿಕನ್ ಮತ್ತು ಗ್ಲೊವಾಕಿ ಇವು ಬೇರೆ ಬೇರೆ ಎಂದು ವಿಂಗಡಿಸಿದರು: ಒಂದರಲ್ಲಿ ಜೀವಕೋಶಗಳೇ ಹೆಚ್ಚುತ್ತವೆ, ಇನ್ನೊಂದರಲ್ಲಿ ನಾಳಗಳ ರಚನೆಯೇ ತಪ್ಪಿರುತ್ತದೆ. ಚಿಕಿತ್ಸೆ ಬೇರೆಯಾಗುವುದು ಇದೇ ಕಾರಣಕ್ಕೆ.

ಪತ್ತೆ ಹೇಗೆ?

ಡಾಕ್ಟರ್ ಮೊದಲು ಕೇಳುವುದು: ಯಾವಾಗಿನಿಂದ ಇದೆ? ಬೆಳೀತಾ ಇದೆಯಾ? ಬಗ್ಗಿದರೆ ಉಬ್ಬುತ್ತಾ? ನಂತರ ಗಾಜಿನ ಪಟ್ಟಿಯಿಂದ ಮೆಲ್ಲಗೆ ಒತ್ತಿ ನೋಡುತ್ತಾರೆ. ರಕ್ತ ಸರಿದು ಬಣ್ಣ ಬಿಳಿಚಿಕೊಂಡರೆ ಅದು ನಾಳದೊಳಗಿನ ರಕ್ತ ಎಂದು ಅಂದಾಜು. ಬೆರಳಿಗೆ ನಾಡಿಯಂತೆ ಬಡಿತ ಸಿಕ್ಕರೆ ಎಚ್ಚರ: ಒಳಗೆ ರಕ್ತ ರಭಸದಿಂದ ಹರಿಯುತ್ತಿದೆ. ಡಾಪ್ಲರ್ ಅಲ್ಟ್ರಾಸೌಂಡ್ ಹರಿವಿನ ವೇಗ ತೋರಿಸುತ್ತದೆ. ಎಂಆರ್‌ಐ ಎಷ್ಟು ಆಳಕ್ಕೆ ಹಬ್ಬಿದೆ ಎಂದು ಹೇಳುತ್ತದೆ. ದವಡೆಯ ಮೂಳೆಯ ಒಳಗೂ ಇರಬಹುದೆಂಬ ಅನುಮಾನವಿದ್ದರೆ ಎಕ್ಸ್‌ರೇ.

ಅನುಕ್ರಮ ಮುಖ್ಯ ಎಂದು ನಾವು ಒತ್ತಿ ಹೇಳುವುದು ಇಲ್ಲೇ. ರಭಸದ ಹರಿವಿರುವ ಗಂಟನ್ನು ಸ್ಕ್ಯಾನ್ ಮಾಡದೆ ಬಯಾಪ್ಸಿಗೆ ಕತ್ತರಿಸಿದರೆ, ಅಥವಾ ಅಂಥ ಜಾಗದಲ್ಲಿ ಅಲ್ಲಾಡುವ ಹಲ್ಲನ್ನು ಸುಮ್ಮನೆ ಕಿತ್ತರೆ, ನಿಲ್ಲಿಸಲಾಗದಷ್ಟು ರಕ್ತ ಸುರಿಯಬಹುದು. ಇನ್ನೊಂದು ಕಡೆ, ಒತ್ತಿದರೂ ಬಣ್ಣ ಬದಲಾಗದ, ಗಟ್ಟಿಯಾದ, ಮೂರು ವಾರವಾದರೂ ಮಾಯದ ಹುಣ್ಣು ಅಥವಾ ಕೆಂಪು ಮಚ್ಚೆ ಇದ್ದರೆ ಬಯಾಪ್ಸಿ ಬೇಕೇ ಬೇಕು. ಗುಟ್ಕಾ, ತಂಬಾಕು ಅಭ್ಯಾಸ ಇದ್ದವರಂತೂ ಒಂದು ದಿನವೂ ಕಾಯಬಾರದು.

ಚಿಕಿತ್ಸೆ

ಒಸಡಿನ ಪಯೋಜೆನಿಕ್ ಗ್ರಾನ್ಯುಲೋಮಾವನ್ನು ಚಾಕುವಿನಿಂದಲೋ ಲೇಸರ್‌ನಿಂದಲೋ ತೆಗೆಯುತ್ತಾರೆ. ಜೊತೆಗೆ ಹಲ್ಲು ಕ್ಲೀನಿಂಗ್ ಮಾಡಿಸಿ ಕಿರಿಕಿರಿಯ ಮೂಲವನ್ನೂ ತೆಗೆಯಬೇಕು; ಇಲ್ಲದಿದ್ದರೆ ಗಂಟು ಮತ್ತೆ ಬರುತ್ತೆ. ಮಕ್ಕಳ ಹಿಮ್ಯಾಂಜಿಯೋಮಾ ಹಾಲು ಕುಡಿಯಲು, ಉಸಿರಾಡಲು ತೊಂದರೆ ಕೊಡದಿದ್ದರೆ ಕಾದು ನೋಡುವುದೇ ಚಿಕಿತ್ಸೆ. ತೊಂದರೆ ಇದ್ದರೆ ಪ್ರೊಪ್ರನೊಲಾಲ್ ಔಷಧ. ಫ್ರಾನ್ಸಿನ ವೈದ್ಯರು ಒಂದು ಮಗುವಿನ ಹೃದಯದ ತೊಂದರೆಗೆ ಇದನ್ನು ಕೊಟ್ಟಾಗ ಅದರ ಹಿಮ್ಯಾಂಜಿಯೋಮಾ ಮೆತ್ತಗಾಗಿ ಬಣ್ಣ ಇಳಿದದ್ದನ್ನು ಗಮನಿಸಿ 2008ರಲ್ಲಿ ಪ್ರಕಟಿಸಿದರು. ಇದು ವೈದ್ಯರ ನಿಗಾದಲ್ಲೇ ಕೊಡಬೇಕಾದ ಔಷಧ. ಮನೆಯಲ್ಲಿ ತಾನೇ ಪ್ರಯೋಗ ಮಾಡುವುದಲ್ಲ.

ನಿಧಾನ ಹರಿವಿನ ಮಾಲ್‌ಫಾರ್ಮೇಶನ್‌ಗೆ ಪೋಲಿಡೊಕನಾಲ್‌ನಂಥ ಔಷಧ ಚುಚ್ಚಿ ನಾಳಗಳನ್ನು ಮುಚ್ಚಿಸುತ್ತಾರೆ. ಇದಕ್ಕೆ ಹಲವು ವಾರಗಳ ಅಂತರದಲ್ಲಿ ಒಂದಕ್ಕಿಂತ ಹೆಚ್ಚು ಸಲ ಹೋಗಬೇಕಾಗಬಹುದು. ರಭಸದ ಹರಿವಿನದಕ್ಕೆ ಮೊದಲು ರಕ್ತ ಹೋಗುವ ದಾರಿಯನ್ನು ಒಳಗಿನಿಂದ ಮುಚ್ಚಿ, ಆಮೇಲೆ ಆಪರೇಶನ್. ಇವೆಲ್ಲ ಕೆಲವೇ ದಿನಗಳ ರಜೆಯಲ್ಲಿ ಮುಗಿಯುವ ಕೆಲಸವಲ್ಲ.

ಕುವೈತ್‌ನಲ್ಲಿ ಏನು ಮಾಡೋಣ?

ಸಿವಿಲ್ ಐಡಿ ಹಿಡಿದು ನಿಮ್ಮ ಏರಿಯಾದ ಕ್ಲಿನಿಕ್ಕಿಗೆ ಅಥವಾ ಯಾವುದಾದರೂ ದಂತ ವೈದ್ಯರ ಬಳಿಗೆ ಹೋಗಿ, ಈಗಲೇ. ತಜ್ಞರು ಬೇಕಿದ್ದರೆ ಅವರೇ ಮುಂದೆ ಕಳಿಸುತ್ತಾರೆ. ಭಾಷೆ ತೊಡಕಾದರೆ ‘ನಜೀಫ್’ ಅನ್ನಿ. ಅರಬ್ಬಿಯಲ್ಲಿ ರಕ್ತಸ್ರಾವ ಎಂದರ್ಥ. ಗಂಟಿನ ಪಕ್ಕ ಸ್ಕೇಲ್ ಇಟ್ಟು ಎರಡು ವಾರಕ್ಕೊಮ್ಮೆ ಫೋಟೋ ತೆಗೆದಿಡಿ. ಚಿಕಿತ್ಸೆ ಮಣಿಪಾಲ ಅಥವಾ ದೇರಳಕಟ್ಟೆಯಲ್ಲೇ ಮಾಡಿಸುವುದಿದ್ದರೂ ಇಲ್ಲಿನ ಸ್ಕ್ಯಾನ್ ಸಿಡಿ, ರಿಪೋರ್ಟು ಮೊದಲೇ ಅಲ್ಲಿಗೆ ತಲುಪಿದರೆ ರಜೆಯ ದಿನಗಳು ಪರೀಕ್ಷೆಯಲ್ಲೇ ಕಳೆಯುವುದು ತಪ್ಪುತ್ತದೆ.

ಗಂಟನ್ನು ಹಿಸುಕಬೇಡಿ, ಚುಚ್ಚಬೇಡಿ, ದಾರ ಕಟ್ಟಬೇಡಿ. ರಕ್ತ ಬಂದರೆ ನೆಟ್ಟಗೆ ಕೂತು, ಸ್ವಲ್ಪ ಮುಂದಕ್ಕೆ ಬಾಗಿ, ಶುಚಿಯಾದ ಬಟ್ಟೆಯನ್ನು 15 ನಿಮಿಷ ಬಿಡದೆ ಒತ್ತಿ ಹಿಡಿಯಿರಿ. ನಡುವೆ ತೆಗೆದು ನೋಡಬೇಡಿ, ಬಾಯಿ ಮುಕ್ಕಳಿಸಬೇಡಿ. ಆಗಲೂ ನಿಲ್ಲದಿದ್ದರೆ, ಅಥವಾ ರಕ್ತ ಚಿಮ್ಮುತ್ತಿದ್ದರೆ ಶುರುವಿನಲ್ಲೇ, 112ಕ್ಕೆ ಕರೆ ಮಾಡಿ.

ಹಾಸ್ಟೆಲ್ ರೂಮಿನಲ್ಲಿ ಒಬ್ಬರೇ ಕೂತು ಹೆದರುವುದಕ್ಕಿಂತ, ಗೆಳೆಯರೊಬ್ಬರನ್ನು ಜೊತೆಗೆ ಕರೆದುಕೊಂಡು ಈ ವಾರವೇ ತೋರಿಸಿಕೊಂಡು ಬನ್ನಿ. ಬಹಳಷ್ಟು ಸಲ ಸಿಗುವ ಉತ್ತರ ‘ಗಾಬರಿ ಏನಿಲ್ಲ’ ಎಂದೇ. ಆದರೆ ಆ ಮಾತನ್ನು ಪರೀಕ್ಷೆ ಮಾಡಿದ ಡಾಕ್ಟರ್ ಹೇಳಬೇಕು.