ತರುಣ ವಾಚಕರಿಗೊಂದು ಭಯಾನಕ ಕಥನ: ಜನ್ನನ ‘ಯಶೋಧರ ಚರಿತೆ’

ಭಯಾನಕ ಕಥೆಗಳನ್ನು ತರುಣರು ಬಯಸಿ ಓದುವರೆಂಬುದು ಗ್ರಂಥಾಲಯಗಳ ಪರಿಚಯವುಳ್ಳವರೆಲ್ಲರೂ ಬಲ್ಲ ಸಂಗತಿ. ಈ ಅಭಿರುಚಿಯನ್ನು ಹಗುರವೆಂದು ತಳ್ಳಿಹಾಕುವ ಮುನ್ನ, ಕನ್ನಡದಲ್ಲಿಯೇ ಅಂತಹದೊಂದು ಶ್ರೇಷ್ಠ ಕಥನವಿರುವುದನ್ನು ನೆನೆಯಬೇಕು. ಹೊಯ್ಸಳ ವೀರಬಲ್ಲಾಳನ ಆಶ್ರಯದಲ್ಲಿದ್ದ ಜನ್ನನು 1209ರಲ್ಲಿ ರಚಿಸಿದ ‘ಯಶೋಧರ ಚರಿತೆ’ಯೇ ಅದು. ನಾಲ್ಕು ಅವತಾರಗಳುಳ್ಳ, ಬಹುಮಟ್ಟಿಗೆ ಕಂದಪದ್ಯಗಳಿಂದಲೇ ಆದ ಈ ಕಿರುಕಾವ್ಯವು ಭಯದ ಕಥೆಯಾಗಿ ಹೇಗೆ ಸಾಗುತ್ತದೆಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಕಾವ್ಯದ ಚೌಕಟ್ಟೇ ಭೀಕರವಾದುದು. ಚಂಡಮಾರಿಗೆ ಬಲಿಕೊಡಲೆಂದು ಅಭಯರುಚಿ, ಅಭಯಮತಿಯರೆಂಬ ಎಳೆಯ ಅಣ್ಣತಂಗಿಯರನ್ನು ಹಿಡಿದು ತರುತ್ತಾರೆ. ಮಾರಿದತ್ತ ರಾಜನು ಕತ್ತಿ ಹಿಡಿದು ನಿಂತಿದ್ದಾನೆ. ಆದರೆ ಬಾಲಕರು ನಡುಗುವುದಿಲ್ಲ. ಅಭಯರುಚಿಯು ಹೇಳುವ ಕಥೆಯನ್ನು ಕೇಳುತ್ತ ಕೇಳುತ್ತ ಅಂಜಿಕೆಯು ಬಲಿಪಶುವನ್ನು ಬಿಟ್ಟು ಬಲಿಕೊಡುವವನ ಎದೆಯನ್ನು ಹೊಗುತ್ತದೆ.

ಆ ಕಥೆ ಉಜ್ಜಯಿನಿಯ ಯಶೋಧರನದು. ರಾಣಿ ಅಮೃತಮತಿಯು ಇರುಳಿನಲ್ಲಿ ಕುರೂಪಿಯಾದ ಮಾವುತನ ಹಾಡಿಗೆ ಮರುಳಾಗಿ ಅವನ ಬಳಿಗೆ ಹೋಗುತ್ತಾಳೆ. ಇದನ್ನು ಕಣ್ಣಾರೆ ಕಂಡ ಅರಸನು ತಾಯಿಗೆ ಕೆಟ್ಟ ಕನಸೆಂದಷ್ಟೇ ಹೇಳುತ್ತಾನೆ. ಶಾಂತಿಗಾಗಿ ಪ್ರಾಣಿಬಲಿ ಬೇಕೆಂದು ತಾಯಿ ಚಂದ್ರಮತಿ, ಒಲ್ಲೆನೆಂದು ಮಗ; ಕೊನೆಗೆ ಹಿಟ್ಟಿನ ಕೋಳಿಯನ್ನು ಕಡಿಯುವುದೆಂದು ಒಪ್ಪಂದವಾಗುತ್ತದೆ. ಕತ್ತಿ ಬಿದ್ದೊಡನೆ ಹಿಟ್ಟಿನ ಕೋಳಿ ಕೂಗುತ್ತದೆ. ಕಾವ್ಯದ ಭಯವೆಲ್ಲವೂ ಈ ಒಂದು ಕೂಗಿನಲ್ಲಿ ಅಡಗಿದೆ. ರಾಜಾಜಿನಗರದ ಕಾರ್ಖಾನೆಯ ಬಾಗಿಲಲ್ಲಿ ಆಯುಧಪೂಜೆಯಂದು ಕುಂಕುಮ ತುಂಬಿದ ಬೂದುಗುಂಬಳವನ್ನು ಒಡೆಯುವುದನ್ನು ಕಂಡ ವಾಚಕನಿಗೆ ಬದಲಿಬಲಿಯ ಕಲ್ಪನೆ ಹೊಸದೇನಲ್ಲ. ಜನ್ನನಾದರೋ ಆ ಸಮಾಧಾನವನ್ನೇ ಕಸಿದುಕೊಳ್ಳುತ್ತಾನೆ: ಕೊಲ್ಲುವ ಸಂಕಲ್ಪವೇ ಕೊಲೆ.

ಮುಂದೆ ಅಮೃತಮತಿಯು ಇಟ್ಟ ವಿಷದಿಂದ ತಾಯಿಮಕ್ಕಳಿಬ್ಬರೂ ಸಾಯುತ್ತಾರೆ. ಮಗ ನವಿಲಾಗಿ, ತಾಯಿ ನಾಯಿಯಾಗಿ ಹುಟ್ಟಿ ತಮ್ಮ ಅರಮನೆಯನ್ನೇ ಸೇರುತ್ತಾರೆ. ಆ ನವಿಲು ಸಾಯುವುದು ಆ ನಾಯಿಯ ಬಾಯಲ್ಲಿಯೇ. ಹೀಗೆ ಜನ್ಮದಿಂದ ಜನ್ಮಕ್ಕೆ ಅಲೆದ ಆ ಇಬ್ಬರೇ ಈಗ ಬಲಿಪೀಠದ ಮುಂದೆ ನಿಂತಿರುವ ಅಣ್ಣತಂಗಿಯರೆಂಬುದು ತಿಳಿದಾಗ ಮಾರಿದತ್ತನ ಕತ್ತಿ ಕೆಳಗಿಳಿಯುತ್ತದೆ.

ಇಲ್ಲಿ ಹೆದರಿಸುವುದು ಹೊರಗಿನ ಭೂತವಲ್ಲ. ಒಂದೇ ಮನೆಯವರು ಪರಸ್ಪರ ಗುರುತರಿಯದೆ ಕೊಲ್ಲುವ ಪರಿ. ಅಮೃತಮತಿಯ ವಿಷಯದಲ್ಲಿ ಕವಿಯ ತೀರ್ಪು ಕಠೋರವಾದುದೆಂಬ ಆಕ್ಷೇಪವನ್ನು ಅಲ್ಲಗಳೆಯಲಾಗದು. ಗಿರೀಶ ಕಾರ್ನಾಡರು ‘ಹಿಟ್ಟಿನ ಹುಂಜ’ ನಾಟಕದಲ್ಲಿ ಇದೇ ಕಥೆಯನ್ನು ಮತ್ತೊಮ್ಮೆ ವಿಚಾರಣೆಗೆ ತಂದರು. ವಿಜಯನಗರ, ಕೆಂಗೇರಿಗಳಿಂದ ತರಗತಿಗೆ ಬರುವ ವಿದ್ಯಾರ್ಥಿಗಳಿಗೆ ಈ ಎರಡು ಕೃತಿಗಳನ್ನು ಜೊತೆಯಾಗಿ ಓದಿಸುವುದು ಉಚಿತ. ಹಳಗನ್ನಡದ ತೊಡಕು ಮೊದಲ ಕೆಲವು ಪದ್ಯಗಳಲ್ಲಿ ಕಾಡಬಹುದು. ಕೋಳಿ ಕೂಗುವವರೆಗೆ ಓದಿದವರು ಪುಸ್ತಕವನ್ನು ಕೆಳಗಿಡಲಾರರು.