ಡೇಟಾಬೇಸ್‌ಗೊಂದು ಒಳದಾರಿ

ಮನೇಲಿ ಕೂತು ಆಫೀಸಿನ ಡೇಟಾಬೇಸ್ ನೋಡ್ಬೇಕು.
ಅದಕ್ಕೆ ಅದರ ಬಾಗಿಲನ್ನ ಇಡೀ ಇಂಟರ್‌ನೆಟ್‌ಗೆ ತೆರೆದಿಡಬೇಕಾ?

ಬೇಡ ಮಾರಾಯ್ರೆ!
ಪೋಸ್ಟ್‌ಗ್ರೆಸ್ ಅನ್ನೋ ಡೇಟಾಬೇಸ್ ಸಾಮಾನ್ಯವಾಗಿ ಕೂತಿರೋದು 5432ನೇ ಪೋರ್ಟಲ್ಲಿ.
ಅದು ಹೊರಗೆ ಕಂಡ್ರೆ ಸಾಕು,
ಪಾಸ್‌ವರ್ಡ್ ಊಹಿಸೋ ಬಾಟ್‌ಗಳು ಕದ ತಟ್ತಾನೇ ಇರ್ತವೆ.

ಗದ್ದೆಗೆ ನೀರು ಹಾಯಿಸೋದು ನೋಡಿದೀರಲ್ಲ?
ತೆರೆದ ಕಾಲುವೆ ಆದ್ರೆ,
ದಾರೀಲಿ ಯಾರು ಬೇಕಾದ್ರೂ ಕೊಡ ಅದ್ದಬಹುದು.
ನೆಲದೊಳಗೆ ಪೈಪ್ ಹೂತ್ರೆ?
ಬಾವಿ ನೀರು ಸೀದಾ ಗದ್ದೇಲೇ ಬೀಳತ್ತೆ.

ಆ ಪೈಪೇ ಎಸ್‌ಎಸ್‌ಎಚ್ ಟನಲ್.

1995ರಲ್ಲಿ ಎಸ್‌ಎಸ್‌ಎಚ್ ಬರೆದದ್ದು ಫಿನ್‌ಲೆಂಡಿನ ತತು ಯುಲೋನೆನ್.
ಅವರ ವಿಶ್ವವಿದ್ಯಾಲಯದ ನೆಟ್‌ವರ್ಕಲ್ಲೇ ಯಾರೋ ಪಾಸ್‌ವರ್ಡ್ ಕದ್ದಿದ್ರು!

ಈಗ ಟರ್ಮಿನಲ್‌ನಲ್ಲಿ ಎಸ್‌ಎಸ್‌ಎಚ್ ಓಡಿಸಿ, ನಿಮ್ಮ ಲ್ಯಾಪ್‌ಟಾಪಲ್ಲಿ ಒಂದು ಪೋರ್ಟ್ ತೆರೀರಿ.
5433 ಅಂತಿಟ್ಕೊಳ್ಳಿ.
ಅಲ್ಲಿ ಹಾಕಿದ್ದೆಲ್ಲ ಗೂಢಲಿಪಿಯಾಗಿ ಸರ್ವರ್‌ವರೆಗೆ ಹೋಗುತ್ತೆ,
ಅಲ್ಲಿ ಬಿಚ್ಚಿಕೊಂಡು ಡೇಟಾಬೇಸ್ ಸೇರುತ್ತೆ.

ಎಡವೋದು ಎಲ್ಲಿ ಗೊತ್ತಾ?
ಡೇಟಾಬೇಸ್ ನೋಡೋ ಆ್ಯಪ್ ‘ಹೋಸ್ಟ್ ಯಾವುದು’ ಅಂತ ಕೇಳಿದಾಗ.
ಅಲ್ಲಿ ಸರ್ವರ್ ಹೆಸರು ಹಾಕ್ಬೇಡಿ,
ಲೋಕಲ್‌ಹೋಸ್ಟ್ ಅಂತ ಹಾಕಿ.
ಪೈಪಿನ ಬಾಯಿ ಇರೋದು ನಿಮ್ಮ ಮನೇಲೇ ತಾನೆ?
ಇದು ಹೊಳೆಯೋಕೆ ನಂಗೆ ಒಂದಿಡೀ ಮಧ್ಯಾಹ್ನ ಬೇಕಾಯ್ತು.

ಮತ್ತೆ, ಆ ಕಪ್ಪು ಟರ್ಮಿನಲ್ ಕಿಟಕಿ ಇದೆಯಲ್ಲ,
ಕೆಲಸ ಮುಗಿಯೋವರೆಗೂ ಅದನ್ನ ಮುಚ್ಬೇಡಿ.
ಮುಚ್ಚಿದ್ರೆ ಪೈಪ್ ಕಿತ್ತ ಹಾಗೇ!