ಖಜಾಂಚಿಯ ಬಾಲದ ‘ಚಿ’

ಗಾಣಗಾಪುರದಲ್ಲಿ ಮಧ್ಯಾಹ್ನ ಅಂದರೆ ಮಾಧುಕರಿ. ಜೋಳಿಗೆ ಹಿಡಿದವರು ಬಾಗಿಲಲ್ಲಿ ನಿಂತು ಕೇಳುವುದು ಮರಾಠಿಯಲ್ಲಿ, ಒಳಗಿಂದ ಬರುವ ಉತ್ತರ ಕನ್ನಡದಲ್ಲಿ, ಬಜಾರಿನ ಚೌಕಾಸಿ ಒಮ್ಮೊಮ್ಮೆ ದಖನಿಯಲ್ಲಿ. ಉಜ್ಬೆಕ್ ಆಡುವವರು ಮಾತ್ರ ಭೀಮಾ–ಅಮರಜಾ ಸಂಗಮದಲ್ಲಿ ಸಿಗಲಿಕ್ಕಿಲ್ಲ. ಆದರೂ ಆ ನುಡಿಯ ಮನೆತನದ ಒಂದು ಚೂರು ನಮ್ಮ ನಾಲಿಗೆಯ ಮೇಲಿದೆ.

ಯಾವುದೇ ಜಾತ್ರಾ ಸಮಿತಿಯ ಪಟ್ಟಿ ತೆಗೆಯಿರಿ: ಅಧ್ಯಕ್ಷ, ಕಾರ್ಯದರ್ಶಿ, ಖಜಾಂಚಿ. ಖಜಾನೆ ಅರಬ್ಬಿಯದು; ಬಾಲದ ‘ಚಿ’ ತುರ್ಕಿಯದು, ಅಂದರೆ ಉಜ್ಬೆಕ್‌ನ ಮನೆತನದ್ದು. ಮಶಾಲ್ಚಿ, ತಬಲ್ಚಿಗಳಿಗೂ ಅದೇ ಬಾಲ. ತಾಷ್ಕೆಂಟಿನಲ್ಲಿ ಇಂದಿಗೂ ‘ಇಶ್’ ಅಂದರೆ ಕೆಲಸ, ‘ಇಶ್ಚಿ’ ಅಂದರೆ ಕೆಲಸಗಾರ. ಪೂರಿಯ ಜೊತೆ ಬರುವ ಕುರ್ಮಾದ ಮೂಲವೂ ‘ಹುರಿ’ ಎಂಬರ್ಥದ ತುರ್ಕಿ ಧಾತು. ಉಜ್ಬೆಕರು ಹುರಿಯುವುದಕ್ಕೆ ‘ಕೊವುರ್ಮೊಕ್’ ಅನ್ನುತ್ತಾರೆ.

ಇಂಥ ಮಾತುಗಳು ಪಾರ್ಸಿಯ ಹೆಗಲೇರಿ, ದಖನಿಯ ಕೈಹಿಡಿದು ಬಂದವು. 1347ರಲ್ಲಿ ಬಹಮನಿಗಳು ರಾಜ್ಯ ಕಟ್ಟಿ ಕಲಬುರಗಿಯಿಂದ ಆಳಿದಾಗ ದರ್ಬಾರಿನ ನುಡಿ ಪಾರ್ಸಿ. ದತ್ತಭಕ್ತರ ಪೋಥಿ ಗುರುಚರಿತ್ರೆಯಲ್ಲಿ ಹುಣ್ಣಿನ ಬಾಧೆ ತಾಳದೆ ಗುರು ನರಸಿಂಹ ಸರಸ್ವತಿಗಳನ್ನು ಹುಡುಕಿ ಗಾಣಗಾಪುರಕ್ಕೆ ಬರುವ ಸುಲ್ತಾನನೊಬ್ಬನಿದ್ದಾನೆ. ಅವನ ಮನೆಮಾತು ಏನಿತ್ತೋ, ಪೋಥಿಯೊಳಗಂತೂ ಅಚ್ಚ ಮರಾಠಿ.

ಇಂದಿನ ಉಜ್ಬೆಕ್‌ನ ಸಾಹಿತ್ಯಕ ಹಿರಿಯಜ್ಜಿ ಚಗತಾಯಿ. ಪಾರ್ಸಿಯ ದೊಡ್ಡಸ್ತಿಕೆಯ ಕಾಲದಲ್ಲಿ, 1499ರಲ್ಲಿ, ಹೆರಾತಿನ ಕವಿ ಅಲಿಶೇರ್ ನವಾಯಿ ಎರಡೂ ನುಡಿಗಳನ್ನು ತಕ್ಕಡಿಗೆ ಹಾಕಿ, ತುರ್ಕಿಯೇನು ಕಡಿಮೆಯಲ್ಲ ಎಂದು ಪುಸ್ತಕವನ್ನೇ ಬರೆದ. ಅಂದಿಜಾನಿನಲ್ಲಿ ಹುಟ್ಟಿದ ಬಾಬರ್ ತನ್ನ ಆತ್ಮಕಥೆ ಬರೆದದ್ದೂ ಇದೇ ನುಡಿಯಲ್ಲಿ. ಮೊಮ್ಮಗ ಅಕ್ಬರನ ಕಾಲಕ್ಕೆ ಅದನ್ನು ಪಾರ್ಸಿಗೆ ತಿರುಗಿಸಬೇಕಾಯಿತು!

ಇಪ್ಪತ್ತನೆಯ ಶತಮಾನ ಉಜ್ಬೆಕ್ ಭಾಷೆಯನ್ನು ಲಿಪಿಯಿಂದ ಲಿಪಿಗೆ ಅಲೆಸಿತು. ಅರಬ್ಬಿ ಲಿಪಿ ಬಿಟ್ಟು 1920ರ ದಶಕದ ಕೊನೆಗೆ ಲ್ಯಾಟಿನ್, 1940ರಲ್ಲಿ ಸಿರಿಲಿಕ್, 1993ರ ಕಾನೂನಿನಿಂದ ಮತ್ತೆ ಲ್ಯಾಟಿನ್. ಶಾಲೆಯ ಪಠ್ಯ ಲ್ಯಾಟಿನ್‌ಗೆ ಬಂದರೂ ಹಿರಿಯರ ಕೈ ಸಿರಿಲಿಕ್ ಬಿಟ್ಟಿಲ್ಲ. ಒಂದೇ ಮನೆಯಲ್ಲಿ ಅಜ್ಜನದೊಂದು ಅಕ್ಷರ, ಮೊಮ್ಮಗಳದೊಂದು. 1989ರ ಅಕ್ಟೋಬರ್ 21ರಂದು ಅದಕ್ಕೆ ರಾಜ್ಯಭಾಷೆಯ ಪಟ್ಟ ಸಿಕ್ಕಿತು. ಆ ದಿನವೇ ಈಗ ಅಲ್ಲಿನ ಭಾಷಾ ಹಬ್ಬ. ಇಂದು ಮೂರು ಕೋಟಿಗೂ ಹೆಚ್ಚು ಜನರ ಮಾತು ಅದು.

ನನಗೆ ಹತ್ತಿರ ಅನಿಸಿದ್ದು ಅದರ ವ್ಯಾಕರಣ. ನಮ್ಮ ಹಾಗೆಯೇ ಪದದ ಬೆನ್ನಿಗೆ ಪ್ರತ್ಯಯ ಹಚ್ಚುತ್ತ ಹೋಗುತ್ತಾರೆ. ‘ಉಯ್’ ಅಂದರೆ ಮನಿ, ‘ಉಯ್‌ದ’ ಅಂದರೆ ಮನ್ಯಾಗ, ‘ಉಯ್‌ಲರ್‌ದ’ ಅಂದರೆ ಮನಿಗಳಾಗ. ಅಂವ ಮನ್ಯಾಗ ಅದಾನೇನ ಎಂದು ಕೇಳಬೇಕಾದರೆ ‘ಉ ಉಯ್‌ದಮಿ?’ ಕೊನೆಯ ಆ ‘ಮಿ’ ಇದೆಯಲ್ಲ, ಅದೇ ನಮ್ಮ ‘ಏನ’.